ಮುದ್ದೆ ಬಿಟ್ಟ ಮೂರು ವಾರ

ಮುದ್ದೆಯಿಲ್ಲದ ಊಟವೂ ಒಂದು ಊಟವೇ ಎಂದು ಕೇಳುವ ಸೀಮೆ ನಮ್ಮದು. ಹಾಸನದ ಪಕ್ಕದ ಬೂವನಹಳ್ಳಿಯವಳಾದ ನಾನು ಮೂರು ವಾರ ಮುದ್ದೆ ಮುಟ್ಟಲಿಲ್ಲ ಅಂದರೆ ನಂಬುತ್ತೀರಾ, ಸೋದರಿಯರೇ?

ನಲವತ್ತೈದು ದಾಟಿದ ಮೇಲೆ ಸೊಂಟದ ಸುತ್ತ ಬೊಜ್ಜು ಬಂತು, ಹಿಂದೆಯೇ ರಕ್ತದೊತ್ತಡದ ಮಾತ್ರೆಯೂ ಬಂತು. ಬೆಂಗಳೂರಿನಲ್ಲಿರುವ ಮಗಳು "ಅಮ್ಮಾ, ಕೀಟೋ ಮಾಡು" ಎಂದು ಹೇಳಿ ಕೀಟೋನ್ ಪುಡಿಯ ಡಬ್ಬಿಯನ್ನೂ ಕಳಿಸಿದಳು.

ಏನಿದು ಕೀಟೋ? ಅನ್ನ, ಮುದ್ದೆ, ಸಕ್ಕರೆಯಲ್ಲಿರುವ ಪಿಷ್ಟವೇ ದೇಹದ ಒಲೆಗೆ ಮೊದಲ ಸೌದೆ. ಅದು ಸಿಗದಿದ್ದಾಗ ಲಿವರು ಕೊಬ್ಬಿನಿಂದ 'ಕೀಟೋನ್' ಎಂಬ ಬೇರೆ ಸೌದೆ ತಯಾರಿಸುತ್ತದೆ. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಡಾ. ರಸೆಲ್ ವೈಲ್ಡರ್ ಈ ಪಥ್ಯವನ್ನು ಸೂಚಿಸಿದ್ದು ಮೂರ್ಛೆರೋಗದವರಿಗೆ, ತೂಕ ಇಳಿಸುವವರಿಗಲ್ಲ!

ಲೆಕ್ಕ ನೋಡಿ. ಈ ಪಥ್ಯದಲ್ಲಿ ದಿನಕ್ಕೆ ಪಿಷ್ಟ ಸಾಮಾನ್ಯವಾಗಿ 50 ಗ್ರಾಂ ಮೀರುವಂತಿಲ್ಲ. 100 ಗ್ರಾಂ ರಾಗಿಹಿಟ್ಟಿನಲ್ಲೇ ಸುಮಾರು 70 ಗ್ರಾಂ ಇದೆ. ಮುದ್ದೆ ಹೋಯಿತು, ಅನ್ನ ಹೋಯಿತು, ನಮ್ಮ ಹಾಸನದ ಆಲೂಗಡ್ಡೆಯೂ ಹೋಯಿತು. ಉಳಿದದ್ದು ಮೊಟ್ಟೆ, ಕೋಳಿ, ಕಾಯಿ, ತುಪ್ಪ, ಸೊಪ್ಪು.

ಒಂದೇ ಮನೆಯಲ್ಲಿ ಎರಡು ಅಡುಗೆ! ಎಲ್ಲರಿಗೂ ಬಿಸಿಮುದ್ದೆ ಕಟ್ಟಿ ಬಡಿಸಿ, ನಾನೊಬ್ಬಳೇ ಮೊಟ್ಟೆ ಹಿಡಿದು ಕೂರಬೇಕು. "ಮುದ್ದೆ ಉಣ್ಣದೆ ಕಸುವು ಎಲ್ಲಿಂದ ಬತ್ತದವ್ವಾ?" ಅಂತ ಅತ್ತೆಯವರ ಸಂಕಟ. ಮೊದಲ ವಾರವೇ ತಲೆನೋವು, ಸುಸ್ತು, ಮಲಬದ್ಧತೆ. ಗೌರಿಹಬ್ಬದ ದಿನ ಒಬ್ಬಟ್ಟು ಬೇಯಿಸುತ್ತಾ ಕಣ್ಣಲ್ಲಿ ನೀರೇ ಬಂತು.

ಪುಡಿಯಾದರೂ ಕೈಹಿಡಿದೀತೆಂದು ನೀರಿಗೆ ಕದಡಿ ಕುಡಿದೆ. ಬಾಯೆಲ್ಲ ಉಪ್ಪುಪ್ಪು, ಹೊಟ್ಟೆಯೂ ಕೆಟ್ಟಿತು. ಡಾಕ್ಟರಮ್ಮನವರು ಡಬ್ಬಿ ತಿರುಗಿಸಿ ಓದಿದರು. "ನೋಡಿ, ಇದು ಹೊರಗಿಂದ ತಂದ ಸೌದೆ. ಕುಡಿದರೆ ರಕ್ತದಲ್ಲಿ ಕೀಟೋನ್ ಕೆಲವು ಗಂಟೆ ಏರುತ್ತೆ, ನಿಜ. ಆದರೆ ಅದರಿಂದ ನಿಮ್ಮ ಬೊಜ್ಜು ಕರಗಲ್ಲ. ಮೇಲಾಗಿ ಇದರಲ್ಲಿ ಸೋಡಿಯಂ ಇದೆ. ಬಿ.ಪಿ. ಇರೋ ನಿಮಗೆ ಬೇಡ" ಅಂದರು.

ಸಕ್ಕರೆ ಕಾಯಿಲೆಯವರು ಇನ್ನೂ ಎಚ್ಚರವಾಗಿರಬೇಕಂತೆ. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುತ್ತಾ ತಾವಾಗಿಯೇ ಪಿಷ್ಟ ಬಿಟ್ಟರೆ ರಕ್ತದ ಸಕ್ಕರೆ ತೀರಾ ಇಳಿದು ತಲೆಸುತ್ತಿ ಬೀಳಬಹುದು. ಕೆಲವು ಮಾತ್ರೆಗಳ ಜೊತೆ ಕೀಟೋನ್ ಮಿತಿಮೀರಿ ಪ್ರಾಣಕ್ಕೇ ಸಂಚಕಾರ. ಬಸುರಿಯರು, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಈ ಗೋಜಿಗೆ ಹೋಗಲೇಬಾರದು.

ಈಗ ನನ್ನ ತಟ್ಟೆಯಲ್ಲಿ ಮುದ್ದೆ ಇದೆ, ಮೊದಲಿನ ಅರ್ಧದಷ್ಟು. ಅರ್ಧ ತಟ್ಟೆ ಸೊಪ್ಪು-ತರಕಾರಿ, ಜೊತೆಗೆ ಕಾಳಿನ ಬಸ್ಸಾರು. ಕಾಫಿಗೆ ಸಕ್ಕರೆಯಿಲ್ಲ. ಸಂಜೆ ಅರ್ಧ ಗಂಟೆ ನಡಿಗೆ. ತೂಕ ನಿಧಾನವಾಗಿ ಇಳಿಯುತ್ತಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಮನೆಯವರ ಜೊತೆ ಕೂತು ಒಂದೇ ಅಡುಗೆ ಉಣ್ಣುತ್ತಿದ್ದೇನೆ. ಮಗಳಿಗೂ ಅದನ್ನೇ ಹೇಳಿದೆ.

ನಿಮ್ಮ ಮನೆಗೂ ಇಂಥ ಡಬ್ಬಿ ಬಂದರೆ, ಮುಚ್ಚಳ ತೆಗೆಯುವ ಮುಂಚೆ ವೈದ್ಯರಿಗೊಮ್ಮೆ ತೋರಿಸಿ. ನನ್ನದರಲ್ಲಿ ಈಗ ಹುಣಸೆಹಣ್ಣು ತುಂಬಿಟ್ಟಿದ್ದೇನೆ!