ಮನೆ ನಾಯಿಯ ಹಲ್ಲು ತಾಗಿದರೂ ಉದಾಸೀನ ಬೇಡ



ನಾನು ಹೃದ್ರೋಗ ವೈದ್ಯ. ಹೃದಯದ ಡಾಕ್ಟರಿಗೆ ನಾಯಿಯ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಕಾರಣ ಇದೆ, ದಯವಿಟ್ಟು ಪೂರ್ತಿ ಓದಿ.

ಮಾರ್ಕೆಟ್ ಯಾರ್ಡಿನ ಕಾಂದಾ-ಬಟಾಟಾ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ, ವಿಜಯಪುರ ಕಡೆಯ ಹಿರಿಯರೊಬ್ಬರು ತಪಾಸಣೆಗೆ ಬಂದಿದ್ದರು. ಸ್ಟೆಂಟ್ ಹಾಕಿಸಿಕೊಂಡು ವರ್ಷ ತುಂಬಿರಲಿಲ್ಲ, ರಕ್ತ ತೆಳುವಾಗಿಸುವ ಮಾತ್ರೆ ನಡೆದಿತ್ತು. ಬಿ.ಪಿ. ನೋಡಲು ಕೈ ಚಾಚಿದಾಗ ಬೆರಳಿಗೆ ಬಟ್ಟೆ ಸುತ್ತಿದ್ದು ಕಂಡಿತು. ಬಿಚ್ಚಿದರೆ ಅರಿಸಿನ, ಅದರ ಕೆಳಗೆ ಎರಡು ಹಲ್ಲಿನ ಗುರುತು.

"ಏನಿಲ್ರಿ ಸಾಹೇಬ್ರ, ನಮ್ಮ ಮನೀ ನಾಯಿನ. ಆಡೂಮುಂದ ಹಲ್ಲ ತಾಗೇತಿ."

"ನಾಯಿಗೆ ಲಸಿಕೆ ಆಗಿದೆಯಾ?"

"ಮರಿ ಇದ್ದಾಗ ಒಂದ್ಸಲ ಹಾಕ್ಸಿದ್ವಿ ಅನಸ್ತೈತ್ರಿ."

ಕಚ್ಚಿ ಆಗಲೇ ಐದು ದಿನ. ಅಂದೇ ಅವರನ್ನು ಸರ್ಕಾರಿ ಆಸ್ಪತ್ರೆಗೆ ಕಳಿಸಿದೆ. ಲಸಿಕೆ, ಸೀರಂ ಎರಡೂ ಆದವು. ಈಗ ಅವರೂ ಚೆನ್ನಾಗಿದ್ದಾರೆ, ನಾಯಿಯೂ ಚೆನ್ನಾಗಿದೆ. ಆದರೆ "ಹಾಕ್ಸಿದ್ವಿ ಅನಸ್ತೈತ್ರಿ" ಅನ್ನುವ ಮಾತಿನ ಮೇಲೆ ಒಂದು ಜೀವ ನಿಲ್ಲಬಾರದು.

*ರೇಬೀಸ್ ಯಾಕೆ ಇಷ್ಟು ಅಪಾಯ?*

ಮನುಷ್ಯರಿಗೆ ಬರುವ ರೇಬೀಸ್‌ನಲ್ಲಿ 99% ವರೆಗೂ ನಾಯಿಯಿಂದಲೇ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜೊಲ್ಲಿನಲ್ಲಿರುವ ವೈರಾಣು ಗಾಯದ ಮೂಲಕ ನರ ಸೇರಿ, ನಿಧಾನವಾಗಿ ಮೆದುಳಿಗೆ ಹೋಗುತ್ತದೆ. ಇದಕ್ಕೆ ಸಾಮಾನ್ಯವಾಗಿ ವಾರಗಳು, ತಿಂಗಳುಗಳೇ ಬೇಕು. ನಮಗೆ ಸಿಗುವ ಅವಕಾಶ ಅಷ್ಟೇ. ನೀರು ಕಂಡರೆ ಹೆದರುವಂಥ ಲಕ್ಷಣ ಶುರುವಾದ ಮೇಲೆ ರೋಗಿ ಉಳಿಯುವುದು ಇಲ್ಲವೆಂದೇ ಹೇಳಬೇಕು. ಆದರೆ ಸಮಯಕ್ಕೆ ಸರಿಯಾಗಿ ಲಸಿಕೆ ಪಡೆದರೆ ಇದನ್ನು ಪೂರ್ತಿ ತಡೆಯಬಹುದು.

*ನಾಯಿ ಕಚ್ಚಿದರೆ, ಪರಚಿದರೆ ಹೀಗೆ ಮಾಡಿ*

1. ನಲ್ಲಿಯ ಹರಿಯುವ ನೀರಿನಲ್ಲಿ, ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡು ತೊಳೆಯಿರಿ.

2. ಅರಿಸಿನ, ಖಾರದ ಪುಡಿ, ಸುಣ್ಣ, ಬೂದಿ ಏನೂ ಹಚ್ಚಬೇಡಿ. ಬಿಗಿಯಾಗಿ ಕಟ್ಟಬೇಡಿ.

3. ಅದೇ ದಿನ ಆಸ್ಪತ್ರೆಗೆ ಹೋಗಿ. ಸಸೂನ್‌ನಂಥ ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಸಿಗುತ್ತದೆ. ಹೊಟ್ಟೆಗೆ 14 ಇಂಜೆಕ್ಷನ್ ಕೊಡುವ ಕಾಲ ಹೋಯಿತು; ಈಗ ತೋಳಿಗೆ ಕೊಡುತ್ತಾರೆ.

4. ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯದ ಒಳಗೇ ಹಾಕುವ ಸೀರಂ ಬೇಕಾಗುತ್ತದೆ. ನೀವಾಗಿಯೇ ಕೇಳಿ.

5. ನಾಯಿಯನ್ನು 10 ದಿನ ಗಮನಿಸಿ. ಆದರೆ "ನಾಯಿಗೆ ಏನಾಗುತ್ತೋ ನೋಡೋಣ" ಅಂತ ಲಸಿಕೆ ಮುಂದೂಡಬೇಡಿ.

ಗರ್ಭಿಣಿಯರು, ಹಾಲೂಡಿಸುವ ತಾಯಂದಿರೂ ಲಸಿಕೆ ಪಡೆಯಬಹುದು. ಬೈತಾರೆ ಅಂತ ಮಕ್ಕಳು ಪರಚಿದ್ದನ್ನು ಮುಚ್ಚಿಡುತ್ತಾರೆ. ಅವರನ್ನು ಗದರಬೇಡಿ, ಪ್ರೀತಿಯಿಂದ ಕೇಳಿ.

*ಹೃದಯ ರೋಗಿಗಳಿಗೆ*

ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಿಗೆ ರಕ್ತ ನಿಲ್ಲುವುದು ತಡ. ಗಾಯ ತೊಳೆದು, ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಹೆದರಿ ಮಾತ್ರೆ ನಿಲ್ಲಿಸಬೇಡಿ, ಸ್ಟೆಂಟ್ ಕಟ್ಟಿಕೊಳ್ಳಬಹುದು. ಲಸಿಕೆ ಕೊಡುವವರಿಗೆ ಮಾತ್ರೆಯ ಹೆಸರು ಹೇಳಿ. ಕೃತಕ ಕವಾಟ ಇರುವವರು ನಾಯಿ ಗಾಯ ನೆಕ್ಕದಂತೆ ನೋಡಿಕೊಳ್ಳಿ. ಕಚ್ಚಿದ ಮೇಲೆ ಜ್ವರ ಬಂದರೆ ತಕ್ಷಣ ವೈದ್ಯರಿಗೆ ತಿಳಿಸಿ.

*ಜಾತ್ರೆಗೆ, ಸುಗ್ಗಿಗೆ ಊರಿಗೆ ಹೋಗುವವರಿಗೆ*

ನಮ್ಮವರು ಎಡವುವುದು ಇಲ್ಲೇ. ಎರಡು ಇಂಜೆಕ್ಷನ್ ಪುಣೆಯಲ್ಲಿ ಆಗುತ್ತದೆ, ಊರಿಗೆ ಹೋದ ಮೇಲೆ ಉಳಿದದ್ದು ಮರೆತುಹೋಗುತ್ತದೆ. ತೋಳಿನ ಸ್ನಾಯುವಿಗೆ ಕೊಡುವುದಾದರೆ 0, 3, 7, 14, 28ನೇ ದಿನ. ಚರ್ಮದೊಳಗೆ ಕೊಡುವುದಾದರೆ 0, 3, 7, 28ನೇ ದಿನ. ಮೊದಲ ಇಂಜೆಕ್ಷನ್ ಪಡೆದ ದಿನವೇ ಸೊನ್ನೆ. ಚೀಟಿ ಜೊತೆಗಿರಲಿ, ಫೋನಿನಲ್ಲಿ ಅದರ ಫೋಟೋ ಇರಲಿ. ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಅದನ್ನು ತೋರಿಸಿ ಮುಂದುವರಿಸಿ. ಬೇರು, ಸೊಪ್ಪಿನ ಔಷಧಿ ಕೊಡುವವರ ಬಳಿ ಹೋಗಿ ಆ ದಿನಗಳನ್ನು ಕಳೆದುಕೊಳ್ಳಬೇಡಿ.

*ಸಾಕುವವರು ಮಾಡುವ ಸಾಮಾನ್ಯ ತಪ್ಪುಗಳು*

• ಒಂದೇ ಸಲ ಲಸಿಕೆ ಹಾಕಿಸಿ ಬಿಡುವುದು. ಮರಿಗೆ 3 ತಿಂಗಳಾದಾಗ ರೇಬೀಸ್ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದಂತೆ ಪ್ರತಿವರ್ಷ. ಜಂತಿನ ಔಷಧಿ, ಲಸಿಕೆ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಲೀಕರದೇ ಹೊಣೆ ಎಂದು 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮ ಹೇಳುತ್ತದೆ. ಪುಣೆ ಮಹಾನಗರಪಾಲಿಕೆಯ ಪರವಾನಗಿಯನ್ನೂ ಮಾಡಿಸಿ.

• ನಾವು ತಿಂದದ್ದನ್ನೆಲ್ಲ ಹಾಕುವುದು. ಈರುಳ್ಳಿ, ಬೆಳ್ಳುಳ್ಳಿ ಬೇಯಿಸಿದ್ದಾದರೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಸಾರು, ಪಲ್ಯ ಕಲಸಿ ಹಾಕಬೇಡಿ. ನಮ್ಮ ವಿಜಯಪುರದ ಒಣದ್ರಾಕ್ಷಿ ನಮಗೆ ಒಳ್ಳೆಯದು, ನಾಯಿಯ ಮೂತ್ರಪಿಂಡಕ್ಕೆ ವಿಷ. ಚಾಕೊಲೇಟೂ ಬೇಡ.

• ಜ್ವರ ಬಂತೆಂದು ನಮ್ಮ ಪ್ಯಾರಾಸಿಟಮಾಲ್, ನೋವಿನ ಮಾತ್ರೆ ಕೊಡುವುದು. ಇವು ನಾಯಿಗೆ ಅಪಾಯ. ನಿಮ್ಮ ಬಿ.ಪಿ. ಮಾತ್ರೆಗಳನ್ನೂ ಅದಕ್ಕೆ ಎಟುಕದಂತೆ ಇಡಿ.

• ಏಪ್ರಿಲ್-ಮೇ ಬಿಸಿಲಿನಲ್ಲಿ ತಗಡಿನ ಕೆಳಗೆ ಕಟ್ಟಿಹಾಕುವುದು. ನಾಯಿಗೆ ನಮ್ಮಂತೆ ಮೈತುಂಬ ಬೆವರು ಬರುವುದಿಲ್ಲ, ತೇಕಿ ತೇಕಿಯೇ ಮೈ ತಂಪು ಮಾಡಿಕೊಳ್ಳಬೇಕು. ನೆರಳು, ಬಟ್ಟಲು ತುಂಬ ನೀರು ಇರಲೇಬೇಕು.

• ಊರಿಗೆ ಹೊರಟಾಗ ಬೀದಿಗೆ ಬಿಟ್ಟು ಹೋಗುವುದು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಇದು ಅಪರಾಧ. ಬಿಟ್ಟ ನಾಯಿ ಲಸಿಕೆ ತಪ್ಪಿ, ನಾಳೆ ನಮ್ಮದೇ ಓಣಿಯ ಮಗುವಿಗೆ ಕಚ್ಚಬಹುದು. ನೋಡಿಕೊಳ್ಳುವವರು ಯಾರು ಎಂಬುದನ್ನು ಮರಿ ತರುವ ಮೊದಲೇ ಯೋಚಿಸಿ.

ಇಷ್ಟೆಲ್ಲ ಓದಿ ನಾಯಿಯೇ ಬೇಡ ಅನ್ನಬೇಡಿ. ನಾಯಿ ಸಾಕುವುದರಿಂದ ಹೃದಯ ರೋಗದ ಅಪಾಯ ಕಡಿಮೆಯಾಗಬಹುದು ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2013ರಲ್ಲಿ ಹೇಳಿದೆ. ದಿನಕ್ಕೆ 30 ನಿಮಿಷದಂತೆ ವಾರದಲ್ಲಿ ಐದು ದಿನ ಅದರೊಂದಿಗೆ ಬಿರುಸಾಗಿ ನಡೆದರೆ, ನಾವು ವೈದ್ಯರು ಹೇಳುವ 150 ನಿಮಿಷ ಆಗಿಯೇ ಹೋಗುತ್ತದೆ. ಆ ಹಿರಿಯರೂ ಈಗ ಬೆಳಿಗ್ಗೆ ಅದೇ ನಾಯಿಯ ಜೊತೆ ವಾಕಿಂಗ್ ಹೋಗುತ್ತಾರೆ. ಅದರ ಲಸಿಕೆ ಚೀಟಿ ಅವರ ಇ.ಸಿ.ಜಿ. ಫೈಲಿನಲ್ಲೇ ಇದೆ.

ಇವತ್ತೇ ನಿಮ್ಮ ನಾಯಿಯ ಲಸಿಕೆ ಚೀಟಿ ತೆಗೆದು ದಿನಾಂಕ ನೋಡಿ. ನಾಯಿ ಸಾಕಿರುವ ನಿಮ್ಮ ಬಳಗದವರಿಗೂ ಇದನ್ನು ಕಳಿಸಿ.

— ನಿಮ್ಮ ಹೃದ್ರೋಗ ವೈದ್ಯ, ಎಂ.ಡಿ.