‘ಭೂಮಿಕಾ’: ಮುಂಬಯಿಯ ಒಂದು ಚಿತ್ರ ಮತ್ತು ಕಾರ್ನಾಡರ ಅಧ್ಯಯನ

ಗಿರೀಶ ಕಾರ್ನಾಡರನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಅವರ ನಾಟಕಗಳ ಸುತ್ತಲೇ ನಡೆದಿವೆ. ಮುಂಬಯಿಯ ಹಿಂದಿ ಚಿತ್ರರಂಗಕ್ಕೆ ಅವರು ಬರೆದುಕೊಟ್ಟುದನ್ನು ನಾವು ಜೀವನೋಪಾಯದ ಬರವಣಿಗೆಯೆಂದು ಬದಿಗಿರಿಸುತ್ತ ಬಂದಿದ್ದೇವೆ. ಶ್ಯಾಮ್ ಬೆನಗಲ್ ನಿರ್ದೇಶಿಸಿದ ‘ಭೂಮಿಕಾ’ (1977) ಚಿತ್ರದ ಮಟ್ಟಿಗಾದರೂ ಈ ಧೋರಣೆ ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಹೊರನಾಡಿನ ಸಂಶೋಧಕರ ಅನುಕೂಲಕ್ಕಾಗಿ ಕೆಲವು ಸಂಗತಿಗಳನ್ನು ಇಲ್ಲಿ ಹೇಳಬೇಕು. ಚಿತ್ರಕ್ಕೆ ಆಧಾರ ಮರಾಠಿ ನಟಿ ಹಂಸಾ ವಾಡಕರ್ ಅವರ ಆತ್ಮಕಥೆ ‘ಸಾಂಗತ್ಯೇ ಐಕಾ’. ಚಿತ್ರಕಥೆ ಬೆನಗಲ್, ಕಾರ್ನಾಡ ಮತ್ತು ಸತ್ಯದೇವ ದುಬೆ ಇವರದು. ಮೂವರಿಗೂ ರಾಷ್ಟ್ರಪ್ರಶಸ್ತಿ ಸಂದಿತು. ಅಭಿನಯಕ್ಕೆ ಅದೇ ಗೌರವ ಪಡೆದ ಸ್ಮಿತಾ ಪಾಟೀಲ್ (1955–1986) ಆಗಿನ್ನೂ ಇಪ್ಪತ್ತೆರಡರ ಆಸುಪಾಸಿನವರು. ಆ ವಯಸ್ಸಿನಲ್ಲಿ ಅವರು ಹದಿಹರೆಯದ ಹುಡುಗಿಯಿಂದ ಹಿಡಿದು ಬೆಳೆದ ಮಗಳ ತಾಯಿಯವರೆಗಿನ ಉಷಾಳನ್ನು ಮೇಕಪ್ಪಿಗಿಂತ ಹೆಚ್ಚಾಗಿ ನಡಿಗೆಯಿಂದ, ನೋಟದಿಂದ ತೋರಿಸಿದ್ದಾರೆ. ಸ್ಟುಡಿಯೋದ ದೀಪದಡಿ ಹಾಡಿ ಕುಣಿಯುವ ಉಷಾ ಮನೆಗೆ ಬಂದರೆ ಮಾತು ಕಡಮೆಯಾಗುತ್ತದೆ. ಚಿತ್ರದ ಮನೋವ್ಯಾಪಾರವೆಲ್ಲ ಈ ಏರಿಳಿತದಲ್ಲಿದೆ.

ಉಳಿದ ನಟರೂ ಗಮನಾರ್ಹರು. ‘ರಜನೀಗಂಧಾ’ದ (1974) ಸರಳ ಯುವಕ ಅಮೋಲ್ ಪಾಲೇಕರ್ ಇಲ್ಲಿ ಹೆಂಡತಿಯ ದುಡಿಮೆಯನ್ನು ಉಂಡು ಅವಳನ್ನೇ ಶಂಕಿಸುವ ಕೇಶವ. ಸಹನಟ ರಾಜನ್ ಆಗಿ ಅನಂತನಾಗ್. ಎರಡು ವರ್ಷಗಳ ಹಿಂದೆ ‘ಹಂಸಗೀತೆ’ಯಲ್ಲಿ ಉದ್ಧತ ಸಂಗೀತಗಾರನನ್ನು ಕಂಡ ಕನ್ನಡಿಗರಿಗೆ, ಪ್ರೀತಿಯನ್ನು ಅಂಗಲಾಚುವಾಗಲೂ ತಾರೆಯ ಠೀವಿ ಬಿಡದ ಈ ರಾಜನ್ ಬೇರೆಯೇ ಮನುಷ್ಯನಾಗಿ ಕಾಣುತ್ತಾನೆ. ಪಾತ್ರ ಚಿಕ್ಕದು, ಕೆಲಸ ಚಿಕ್ಕದಲ್ಲ.

ನಮಗೆ ಮುಖ್ಯವೆನಿಸುವುದು ವಿನಾಯಕ ಕಾಳೆಯ (ಅಮರೀಶ್ ಪುರಿ) ಮನೆಯ ಭಾಗ. ಗಂಡನನ್ನೂ ಸ್ಟುಡಿಯೋವನ್ನೂ ತೊರೆದ ಉಷಾ ಈ ಜಮೀನುದಾರನ ಆಶ್ರಯಕ್ಕೆ ಹೋಗುತ್ತಾಳೆ. ಒಳಕೋಣೆಯಲ್ಲಿ ಹಾಸಿಗೆ ಹಿಡಿದ ಅವನ ಹೆಂಡತಿ, ಆಚೆ ತಾಯಿ, ಒಬ್ಬ ಮಗ. ಉಷಾಳಿಗೆ ಅಲ್ಲಿ ಅನ್ನವಿದೆ, ಮರ್ಯಾದೆಯಿದೆ. ಹುಡುಗನನ್ನು ಜಾತ್ರೆಗೆ ಕರೆದೊಯ್ಯಲು ಮಾತ್ರ ಅಪ್ಪಣೆಯಿಲ್ಲ. ಆ ಮನೆಯ ಹೆಂಗಸರು ಹೊಸಿಲು ದಾಟುವಂತಿಲ್ಲವೆಂಬುದು ಆಗ ಅವಳಿಗೆ ಅರಿವಾಗುತ್ತದೆ. ಬಿಡುಗಡೆಗೆ ಕೊನೆಗೆ ಕೇಶವನನ್ನೇ ಕರೆಸಿಕೊಳ್ಳಬೇಕಾಗುತ್ತದೆ. ಸುಮಾರು ಒಂದು ದಶಕದ ತರುವಾಯ ಬಂದ ‘ನಾಗಮಂಡಲ’ದಲ್ಲಿ ಅಪ್ಪಣ್ಣ ರಾಣಿಯನ್ನು ಮನೆಯೊಳಗಿಟ್ಟು ಬೀಗ ಹಾಕುತ್ತಾನೆ. ಈ ನಾಟಕದ ಮೂಲವನ್ನು ಜನಪದ ಕಥೆಯಲ್ಲಿ ಮಾತ್ರ ಅರಸುವವರು ಕಾಳೆಯ ಮನೆಯನ್ನೂ ಒಮ್ಮೆ ಹೊಕ್ಕು ಬರುವುದು ಉಚಿತ. ಆದರೆ ಎರಡೂ ಒಂದೇ ಅಲ್ಲ. ರಾಣಿಗೆ ನಾಗನ ನೆರವಿದೆ, ದಿವ್ಯದ ತರುವಾಯ ಊರೇ ಅವಳಿಗೆ ಕೈಮುಗಿಯುತ್ತದೆ. ಮುಂಬಯಿಯ ಕಥೆಯಲ್ಲಿ ಪವಾಡಕ್ಕೆ ಎಡೆಯಿಲ್ಲ.

ಮಧ್ಯಕಾಲೀನ ಕಾವ್ಯವನ್ನು ಓದಿದವರಿಗೆ ಇಲ್ಲಿ ಹರಿಹರನ ಮಹಾದೇವಿಯಕ್ಕ ನೆನಪಾಗದಿರಳು. ಕೌಶಿಕನನ್ನು ತೊರೆದವಳಿಗೆ ಮುಂದೆ ಶ್ರೀಶೈಲವಿತ್ತು. ಉಷಾ ಮರಳುವುದು ಮುಂಬಯಿಯ ಹೋಟೆಲೊಂದರ ಕೋಣೆಗೆ. ಗರ್ಭಿಣಿಯಾದ ಮಗಳು ತನ್ನ ಮನೆಗೆ ಕರೆಯುತ್ತಾಳೆ, ಒಲ್ಲೆನೆನ್ನುತ್ತಾಳೆ. ಆಮೇಲೆ ಟೆಲಿಫೋನ್ ಗಂಟೆ. ಅತ್ತ ಕಡೆ ರಾಜನ್. ಅವಳು ಮಾತಾಡುವುದಿಲ್ಲ.