ತೋಟದ ಜೀಪಿಗೆ ಎಂಥ ಟಯರು?

ಮಳೆಗಾಲ ಹತ್ತಿರವಾದಂತೆ ನಮ್ಮ ಸದಸ್ಯರಲ್ಲಿ ಹಲವರು ಜೀಪು, ಪಿಕಪ್ ವಾಹನಗಳಿಗೆ ಹೊಸ ಟಯರು ಹಾಕಿಸುವ ಯೋಚನೆ ಮಾಡುತ್ತಾರೆ. ನಾಲ್ಕು ಟಯರಿನ ಖರ್ಚು ಸಣ್ಣ ಬೆಳೆಗಾರನಿಗೆ ಸಣ್ಣದೇನೂ ಅಲ್ಲ. ಒಮ್ಮೆ ಹಾಕಿಸಿದ ಮೇಲೆ ಕೆಲವು ವರ್ಷ ಅದರೊಂದಿಗೇ ಕಾಲ ಹಾಕಬೇಕು. ಆದರೂ ಅಂಗಡಿಯಲ್ಲಿ ಆಯ್ಕೆ ನಡೆಯುವುದು ಹೆಚ್ಚಾಗಿ ಒಂದೇ ಮಾತಿನ ಮೇಲೆ: ಕಚ್ಚು ದೊಡ್ಡದಿದ್ದಷ್ಟೂ ಟಯರು ಒಳ್ಳೆಯದು ಎಂದು. ಈ ಮಾತು ಅರ್ಧ ಮಾತ್ರ ನಿಜ. ಉಳಿದರ್ಧವನ್ನು ತಿಳಿಯದಿದ್ದರೆ ಹಣವೂ ಹೋದೀತು, ಘಾಟಿಯ ತಿರುವಿನಲ್ಲಿ ಜೀವಕ್ಕೂ ಅಪಾಯವಾದೀತು. ಆದುದರಿಂದ ಈ ಬಗ್ಗೆ ಕೆಲವು ವಿಷಯಗಳನ್ನು ಸದಸ್ಯರ ಗಮನಕ್ಕೆ ತರಬಯಸುತ್ತೇವೆ.

ಮೊದಲು ಓಡಾಟದ ಲೆಕ್ಕ

ಅಂಗಡಿಗೆ ಹೋಗುವ ಮುನ್ನ ತಮ್ಮ ವಾಹನ ಯಾವ ನೆಲದ ಮೇಲೆ ಎಷ್ಟು ಓಡುತ್ತದೆ ಎಂಬುದನ್ನು ಒಂದು ಕಾಗದದಲ್ಲಿ ಬರೆದುಕೊಳ್ಳುವುದು ಉತ್ತಮ. ಉದಾಹರಣೆಗೆ, ಮನೆಯಿಂದ ಡಾಂಬರು ರಸ್ತೆಗೆ 2 ಕಿ.ಮೀ. ಮಣ್ಣಿನ ದಾರಿ, ಅಲ್ಲಿಂದ ಪೇಟೆಗೆ 12 ಕಿ.ಮೀ. ಡಾಂಬರು ಇದೆ ಎಂದಿಟ್ಟುಕೊಳ್ಳೋಣ. ವಾರಕ್ಕೆ ಮೂರು ಸಲ ಹೋಗಿಬಂದರೆ ವರ್ಷಕ್ಕೆ 156 ಸಲ. ಡಾಂಬರಿನ ಮೇಲೆ 3744 ಕಿ.ಮೀ., ಮಣ್ಣಿನ ಮೇಲೆ 624 ಕಿ.ಮೀ. ಆಯಿತು. ಆ 624ರಲ್ಲಿಯೂ ಕೆಸರು ಇರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳು. ಅಂದರೆ ಸುಮಾರು 208 ಕಿ.ಮೀ. ಒಟ್ಟು ಓಡಾಟದ ನೂರರಲ್ಲಿ ಐದು ಪಾಲೂ ಇಲ್ಲ. ಈ ಐದು ಪಾಲಿಗಾಗಿ ಟಯರು ಆರಿಸಿ, ಉಳಿದ ತೊಂಬತ್ತೈದು ಪಾಲನ್ನು ಮರೆಯುವುದು ಸರಿಯೇ ಎಂಬುದೇ ಇಲ್ಲಿರುವ ಪ್ರಶ್ನೆ.

ಮೂರು ಬಗೆಯ ಟಯರುಗಳು

ಪೇಟೆಯಲ್ಲಿ ಸಿಗುವ ಟಯರುಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಎಚ್.ಟಿ. ಎಂದು ಕರೆಯುವ ಹೆದ್ದಾರಿ ಟಯರು. ಇದರ ಗೆರೆಗಳು ಸಣ್ಣವು, ನೆಲಕ್ಕೆ ತಾಗುವ ರಬ್ಬರು ಹೆಚ್ಚು. ಡಾಂಬರಿನ ಮೇಲೆ ಸದ್ದಿಲ್ಲದೆ ಓಡುತ್ತದೆ, ಬ್ರೇಕು ಚೆನ್ನಾಗಿ ಹಿಡಿಯುತ್ತದೆ. ಆದರೆ ನಮ್ಮ ಕೆಮ್ಮಣ್ಣು ಆ ಸಣ್ಣ ಗೆರೆಗಳಲ್ಲಿ ಮೆತ್ತಿಕೊಂಡರೆ ಟಯರು ಬೋಳಾದಂತೆಯೇ ಸರಿ.

ಎರಡನೆಯದು ಎಂ.ಟಿ., ನಮ್ಮ ಕಡೆ ಬಟನ್ ಟಯರು ಎನ್ನುವ ಕೆಸರಿನ ಟಯರು. ಇದರ ಕಚ್ಚುಗಳು ದೊಡ್ಡವು, ನಡುವಿನ ಸಂದುಗಳು ಅಗಲ. ಕಚ್ಚು ಕೆಸರನ್ನು ಸೀಳಿ ಕೆಳಗಿನ ಗಟ್ಟಿ ನೆಲವನ್ನು ಹಿಡಿಯುತ್ತದೆ. ಚಕ್ರ ತಿರುಗುವಾಗ ಸಂದಿನಲ್ಲಿ ತುಂಬಿದ ಮಣ್ಣು ಸಿಡಿದುಹೋಗಿ ಕಚ್ಚು ಮತ್ತೆ ಕೆಲಸಕ್ಕೆ ಬರುತ್ತದೆ. ಹಳೆಯ 6.00-16 ಅಳತೆಯ ಮಿಲಿಟರಿ ಜೀಪಿನ ಟಯರು ಕೂಡ ಇದೇ ಜಾತಿಯದು. ಅದರ ಅಡ್ಡಪಟ್ಟಿಗಳು ಮುಂದಕ್ಕೂ ಹಿಂದಕ್ಕೂ ಒಂದೇ ರೀತಿ ಎಳೆಯುವಂತೆ ಮಾಡಿದವು.

ಆದರೆ ಒದ್ದೆ ಡಾಂಬರಿನ ಮೇಲೆ ಈ ಗುಣವೇ ದೋಷವಾಗುತ್ತದೆ. ಸಂದು ಅಗಲವಾದಷ್ಟೂ ರಸ್ತೆಗೆ ತಾಗುವ ರಬ್ಬರು ಕಡಿಮೆ. ಬ್ರೇಕು ಒತ್ತಿದಾಗ ಎತ್ತರದ ಕಚ್ಚುಗಳು ಬಾಗುತ್ತವೆ, ವಾಹನ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಆಗುಂಬೆಯಲ್ಲೋ ಚಾರ್ಮಾಡಿಯಲ್ಲೋ ಮಂಜು ಕವಿದಾಗ, ಹಿಂದೆ ಕೆಲಸದವರನ್ನು ಕೂರಿಸಿಕೊಂಡು ಇಳಿಯುವ ಜೀಪಿಗೆ ಆ ನಾಲ್ಕು ಮಾರು ದೂರವೇ ಎಲ್ಲವೂ ಆಗಬಹುದು. ತೋಟದ ಕೆಸರಿನಲ್ಲಿ ಹೂತುಕೊಂಡ ಜೀಪನ್ನು ನಾಲ್ಕು ಜನ ಸೇರಿ ಎತ್ತಬಹುದು. ಘಾಟಿಯಲ್ಲಿ ಜಾರಿದ ಜೀಪಿನ ಮಾತು ಹಾಗಲ್ಲ.

ಮೂರನೆಯದು ಎ.ಟಿ., ಅಂದರೆ ಎಲ್ಲ ನೆಲಕ್ಕೂ ಒಗ್ಗುವ ಟಯರು. ಮೇಲಿನ ಎರಡರ ನಡುವಿನ ರಾಜಿ ಇದು. ಕೆಸರಿನಲ್ಲಿ ಬಟನ್ ಟಯರಿನಷ್ಟು, ಡಾಂಬರಿನಲ್ಲಿ ಹೆದ್ದಾರಿ ಟಯರಿನಷ್ಟು ಒಳ್ಳೆಯದಲ್ಲ. ಆದರೆ ಎರಡರಲ್ಲಿಯೂ ಕೈಬಿಡುವುದಿಲ್ಲ. ಜಲ್ಲಿ ಮತ್ತು ಮುರಕಲ್ಲಿನ ದಾರಿಯಲ್ಲಿ ಬಾಳಿಕೆಯೂ ಚೆನ್ನಾಗಿದೆ.

ಯಾರಿಗೆ ಯಾವುದು?

ಮೇಲಿನ ಲೆಕ್ಕದಂತೆ ಒಂದೇ ವಾಹನದಲ್ಲಿ ಪೇಟೆಗೂ ತೋಟಕ್ಕೂ ಓಡಾಡುವವರಿಗೆ ಎ.ಟಿ. ಟಯರೇ ಸೂಕ್ತವೆಂಬುದು ನಮ್ಮ ಅಭಿಪ್ರಾಯ. ತೋಟ ಬಿಟ್ಟು ಹೊರಗೆ ಹೋಗದ, ಗೊಬ್ಬರ ಮತ್ತು ಅಡಿಕೆ ಗೊನೆ ಸಾಗಿಸಲೆಂದೇ ಇಟ್ಟ ಹಳೆಯ ಜೀಪು ಇದ್ದರೆ ಅದಕ್ಕೆ ಬಟನ್ ಟಯರು ಹಾಕಿಸಬಹುದು. ಮನೆ ಬಾಗಿಲವರೆಗೆ ಡಾಂಬರು ಅಥವಾ ಕಾಂಕ್ರೀಟು ಬಂದಿರುವವರು ಹೆದ್ದಾರಿ ಟಯರಿನಲ್ಲೇ ನಿಶ್ಚಿಂತೆಯಾಗಿರಬಹುದು.

ಹಾಗಾದರೆ ಆಷಾಢದ ಆ ಕೆಟ್ಟ ಹತ್ತು ಹದಿನೈದು ದಿನಗಳಿಗೆ ಏನು ಮಾಡಬೇಕು? ನಮ್ಮ ಜೀಪು ಚಾಲಕರು ಬಹುಕಾಲದಿಂದ ಮಾಡುತ್ತ ಬಂದಿರುವ ಚೈನು ಕಟ್ಟುವ ಪದ್ಧತಿಯೇ ಇದಕ್ಕೆ ಉತ್ತರ. ಒಂದು ಜೊತೆ ಚೈನಿನ ಬೆಲೆ ನಾಲ್ಕು ಟಯರಿನ ಬೆಲೆಗಿಂತ ಎಷ್ಟೋ ಕಡಿಮೆ. ಎಳೆಯುವ ಚಕ್ರಗಳಿಗೆ ಬಿಗಿಯಾಗಿ ಕಟ್ಟಿ, ನಿಧಾನವಾಗಿ ಓಡಿಸಿ, ಡಾಂಬರು ಸಿಕ್ಕಿದ ಕೂಡಲೇ ಬಿಚ್ಚಬೇಕು. ಹಾಗೆಯೇ ದಾರಿಯಲ್ಲಿ ಪ್ರತಿವರ್ಷ ಹೂಳುವ ಎರಡು ಜಾಗಗಳಿಗೆ ಬೇಸಗೆಯಲ್ಲೇ ಜಲ್ಲಿ ಹಾಕಿಸಿ, ಪಕ್ಕದಲ್ಲಿ ಚರಂಡಿ ಬಿಡಿಸಿದರೆ ಅದು ಯಾವ ಟಯರಿಗಿಂತಲೂ ಹೆಚ್ಚು ಉಪಕಾರಿ. ನೀರು ನಿಲ್ಲುವ ದಾರಿಯನ್ನು ದೊಡ್ಡ ಕಚ್ಚು ಇನ್ನಷ್ಟು ಅಗೆಯುತ್ತದೆಯೇ ಹೊರತು ಸರಿಮಾಡುವುದಿಲ್ಲ.

ಅಳತೆ, ಅಗಲ, ಭಾರ

ಟಯರಿನ ಮಗ್ಗುಲಲ್ಲಿ 215/75 ಆರ್ 15 ಎಂದು ಬರೆದಿದ್ದರೆ, 215 ಎಂಬುದು ಮಿ.ಮೀ. ಲೆಕ್ಕದಲ್ಲಿ ಅಗಲ, 75 ಎಂದರೆ ಮಗ್ಗುಲಿನ ಎತ್ತರ ಆ ಅಗಲದ ನೂರಕ್ಕೆ 75 ಪಾಲು, ಆರ್ ಎಂದರೆ ರೇಡಿಯಲ್, 15 ಎಂಬುದು ಡಿಸ್ಕಿನ ಅಳತೆ, ಅಂಗುಲದಲ್ಲಿ. ಈ ಟಯರಿನ ಒಟ್ಟು ಎತ್ತರ ಸುಮಾರು 703 ಮಿ.ಮೀ. ಇದರ ಬದಲು 235/75 ಆರ್ 15 ಹಾಕಿಸಿದರೆ ಎತ್ತರ ಸುಮಾರು 733 ಮಿ.ಮೀ. ಆಗುತ್ತದೆ. ವಾಹನ ನೆಲದಿಂದ ಮೇಲೇಳುವುದು ಅದರ ಅರ್ಧ, ಬರಿಯ 15 ಮಿ.ಮೀ. ಆದರೆ ಏರಿನಲ್ಲಿ ಎಳೆಯುವ ಶಕ್ತಿ ನೂರಕ್ಕೆ 4ರಷ್ಟು ಕುಗ್ಗುತ್ತದೆ. ಮೀಟರು 50 ತೋರಿಸುವಾಗ ವಾಹನ 52ರಲ್ಲಿ ಓಡುತ್ತಿರುತ್ತದೆ. ಆದ್ದರಿಂದ ಕಂಪನಿಯವರು ಹೇಳಿದ ಅಳತೆಯನ್ನು ಬಿಡದಿರುವುದೇ ಕ್ಷೇಮ. ಅಗಲ ಹೆಚ್ಚಾದರೆ ಕೆಸರಿನಲ್ಲಿ ಒಳ್ಳೆಯದೆಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಮೇಲೆ ಗೇಣುದ್ದ ಕೆಸರು, ಕೆಳಗೆ ಗಟ್ಟಿ ನೆಲ ಇರುವ ದಾರಿಯಲ್ಲಿ ಕಿರಿದಾದ ಟಯರು ಕೆಸರನ್ನು ಸೀಳಿ ನೆಲ ಮುಟ್ಟುತ್ತದೆ. ಅಗಲದ್ದು ಮೇಲೆಯೇ ಜಾರುತ್ತದೆ.

ಅಳತೆಯ ಮುಂದೆ ಇನ್ನೊಂದು ಅಂಕಿ ಇರುತ್ತದೆ. ಅದು ಭಾರದ ಗುರುತು. 100 ಎಂದಿದ್ದರೆ ಆ ಟಯರು ಸರಿಯಾದ ಗಾಳಿಯಲ್ಲಿ 800 ಕೆ.ಜಿ. ಹೊರಬಲ್ಲದು, 95 ಎಂದಿದ್ದರೆ 690 ಕೆ.ಜಿ. ಕುಯ್ಲಿನ ಕಾಲದಲ್ಲಿ ಮೂಟೆಗಳ ಭಾರವೆಲ್ಲ ಹಿಂದಿನ ಎರಡು ಟಯರುಗಳ ಮೇಲೆ ಬೀಳುವುದರಿಂದ, ಅಗ್ಗಕ್ಕೆ ಸಿಗುವ ಕಾರಿನ ಟಯರನ್ನು ಪಿಕಪ್ಪಿಗೆ ಹಾಕಿಸಬಾರದು.

ನೈಲಾನೋ ರೇಡಿಯಲ್ಲೋ?

ನೈಲಾನ್ ಎಂದು ಕರೆಯುವ ಹಳೆಯ ಬಗೆಯ ಟಯರಿನ ಮಗ್ಗುಲು ದಪ್ಪ. ಕಲ್ಲು, ಕತ್ತರಿಸಿದ ಗಿಡದ ಬುಡ ತಾಗಿದರೂ ಬೇಗ ಸೀಳದು. ರೇಡಿಯಲ್ ಟಯರಿನ ಮಗ್ಗುಲು ತೆಳು, ಆದರೆ ಡಾಂಬರಿನಲ್ಲಿ ಹಿಡಿತ ಹೆಚ್ಚು, ಕಡಿಮೆ ಕಾಯುತ್ತದೆ, ಹೆಚ್ಚು ಕಾಲ ಬರುತ್ತದೆ. ಯಾವುದನ್ನೇ ಹಾಕಿಸಿದರೂ ನಾಲ್ಕೂ ಒಂದೇ ಬಗೆಯವಾಗಿರಲಿ. ಒಂದೇ ಅಚ್ಚಿನ ಎರಡು ತುದಿಗೆ ಎರಡು ಬಗೆಯ ಟಯರು ಹಾಕುವುದು ಅಪಾಯ. ಹಳೆಯ ಮಾದರಿಯ ಜೀಪುಗಳಲ್ಲಿ ಫೋರ್‌ವೀಲ್ ಹಾಕಿದಾಗ ಮುಂದಿನ ಹಿಂದಿನ ಅಚ್ಚುಗಳು ಒಂದೇ ವೇಗಕ್ಕೆ ಬಿಗಿದುಕೊಳ್ಳುತ್ತವೆ. ಮುಂದೆ ಸವೆದ ಟಯರು, ಹಿಂದೆ ಹೊಸದು ಇದ್ದರೆ ಆ ವ್ಯತ್ಯಾಸದ ಪೆಟ್ಟು ಗೇರುಪೆಟ್ಟಿಗೆಗೆ ಬೀಳುತ್ತದೆ. ಇದೇ ಕಾರಣಕ್ಕೆ ಗಟ್ಟಿ ಡಾಂಬರಿನಲ್ಲಿ ಫೋರ್‌ವೀಲ್ ಹಾಕಿ ಓಡಿಸಬಾರದು.

ಗಾಳಿ ಮತ್ತು ವಯಸ್ಸು

ಕೆಸರಿನಲ್ಲಿ ಗಾಳಿ ಸ್ವಲ್ಪ ಇಳಿಸಿದರೆ ಟಯರು ನೆಲಕ್ಕೆ ಹೆಚ್ಚು ತಾಗಿ ಹಿಡಿತ ಹೆಚ್ಚುತ್ತದೆ. 30 ಪೌಂಡು ಇರುವಲ್ಲಿ ಖಾಲಿ ಜೀಪಿಗೆ 20 ಪೌಂಡಿನವರೆಗೆ ಇಳಿಸಬಹುದು. ಭಾರ ಹೇರಿದಾಗ ಇಳಿಸಬಾರದು. ಗಾಳಿ ಇಳಿಸಿದ ಮೇಲೆ ವೇಗ 20 ಕಿ.ಮೀ. ಮೀರದಿರಲಿ, ಡಾಂಬರಿಗೆ ಬಂದೊಡನೆ ಮತ್ತೆ ತುಂಬಿಸಲೇಬೇಕು. ಟ್ಯೂಬು ಇರುವ ಟಯರಿನಲ್ಲಿ ಗಾಳಿ ತೀರ ಕಡಿಮೆಯಾದರೆ ಟಯರು ಡಿಸ್ಕಿನ ಮೇಲೆ ಜಾರಿ ವಾಲ್ವು ಕಿತ್ತುಬರುತ್ತದೆ. ಆದುದರಿಂದ ಗೇಜು ಮತ್ತು ಕಾಲುಪಂಪು ವಾಹನದಲ್ಲಿ ಇಲ್ಲದವರು ಗಾಳಿ ಇಳಿಸುವ ಗೋಜಿಗೆ ಹೋಗದಿರುವುದೇ ಲೇಸು.

ಟಯರು ತಯಾರಾದ ದಿನವನ್ನೂ ನೋಡಿ ಕೊಳ್ಳಬೇಕು. ಮಗ್ಗುಲಲ್ಲಿ ನಾಲ್ಕು ಅಂಕಿಗಳ ಗುರುತಿದೆ. 2324 ಎಂದಿದ್ದರೆ 2024ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಕಚ್ಚು ಸವೆಯದಿದ್ದರೂ ರಬ್ಬರು ವರ್ಷ ಕಳೆದಂತೆ ಗಟ್ಟಿಯಾಗಿ ಬಿರಿಯುತ್ತದೆ. ಐದು ವರ್ಷ ಕಳೆದ ಟಯರನ್ನು ಪ್ರತಿವರ್ಷ ತೋರಿಸಿ ಪರೀಕ್ಷಿಸಬೇಕು. ಹತ್ತು ವರ್ಷವಾದದ್ದನ್ನು ತೆಗೆದುಬಿಡಬೇಕು. ಈ ಮಾತು ಸ್ಟೆಪ್ನಿಗೂ ಅನ್ವಯಿಸುತ್ತದೆ. ಕಚ್ಚಿನ ಆಳ 1.6 ಮಿ.ಮೀ.ಗೆ ಇಳಿದರೆ ಆ ಟಯರು ರಸ್ತೆಗೆ ತಕ್ಕುದಲ್ಲ. ಮಲೆನಾಡಿನ ಮಳೆಗೆ 3 ಮಿ.ಮೀ. ಉಳಿದಾಗಲೇ ಬದಲಿಸುವುದು ವಿವೇಕ. ರಿಟ್ರೆಡ್ ಮಾಡಿಸಿದ ಟಯರನ್ನು ಮುಂದಿನ ಚಕ್ರಕ್ಕೆ ಹಾಕಬಾರದು.

ನಾಲ್ಕು ಚಕ್ರದ ಬೈಕು ಇರುವವರಿಗೆ

ಕೆಲವು ತೋಟಗಳಲ್ಲಿ ಈಗ ಎ.ಟಿ.ವಿ. ಎಂಬ ನಾಲ್ಕು ಚಕ್ರದ ಬೈಕುಗಳು ಕಾಣಸಿಗುತ್ತಿವೆ. ಇವುಗಳ ಟಯರಿನ ಲೆಕ್ಕ ಬೇರೆ. 25-8-12 ಎಂದಿದ್ದರೆ ಎತ್ತರ 25, ಅಗಲ 8, ಡಿಸ್ಕು 12 ಅಂಗುಲ. ಇವಕ್ಕೆ ಗಾಳಿ ಸಾಮಾನ್ಯವಾಗಿ 5ರಿಂದ 7 ಪೌಂಡು ಮಾತ್ರ. ಜೀಪಿನ ಗೇಜು ಇಷ್ಟು ಕಡಿಮೆ ಗಾಳಿಯನ್ನು ಸರಿಯಾಗಿ ತೋರಿಸದು, ಬೇರೆ ಗೇಜು ಬೇಕು. ಕಲ್ಲು ಮಣ್ಣು ಎರಡೂ ಇರುವ ತೋಟಕ್ಕೆ ಇಲ್ಲಿಯೂ ನಡುತರದ ಕಚ್ಚೇ ಮೇಲು. ನೋಂದಣಿಯಾಗದ ವಾಹನವನ್ನು ಸಾರ್ವಜನಿಕ ರಸ್ತೆಗೆ ತರುವಂತಿಲ್ಲ ಎಂಬುದನ್ನೂ ನೆನಪಿಸುತ್ತೇವೆ.

ಕುಯ್ಲು ಮುಗಿದು ಮೊದಲ ಮಳೆ ಬೀಳುವ ಮುನ್ನಿನ ಏಪ್ರಿಲ್, ಮೇ ತಿಂಗಳುಗಳೇ ಟಯರು ನೋಡಿಕೊಳ್ಳಲು ತಕ್ಕ ಕಾಲ. ಒಂದೇ ಅಳತೆ ಬೇಕಾದ ನೆರೆಹೊರೆಯ ನಾಲ್ಕೈದು ಸದಸ್ಯರು ಕೂಡಿ ಕೊಂಡರೆ ಬೆಲೆಯ ಮಾತುಕತೆಗೂ ಅನುಕೂಲ. ಓಡಾಟದ ಲೆಕ್ಕ ಬರೆದ ಕಾಗದವನ್ನು ಮಾತ್ರ ಅಂಗಡಿಗೆ ಮರೆಯದೆ ಒಯ್ಯಬೇಕೆಂದು ಕೋರುತ್ತೇವೆ.